ಪುಕ್ಕವಿಲ್ಲದ ಪಂಥ

ಉಬ್ಬಬೇಕಾದದ್ದು ಉಬ್ಬದೆ ಹೋದರೆ ನಮ್ಮ ಬೇಕರಿ ಯಜಮಾನರಿಗೆ ತಡೆಯಲಾಗುತ್ತಿರಲಿಲ್ಲ. ಬನ್ನು ಉಬ್ಬಬೇಕು, ಬ್ರೆಡ್ಡು ಉಬ್ಬಬೇಕು, ಅವನ್ನು ತಿಂದ ಗಿರಾಕಿಯ ಕೆನ್ನೆ ಉಬ್ಬಬೇಕು, ಇದನ್ನೆಲ್ಲ ನೋಡುತ್ತಾ ತಮ್ಮ ಎದೆ ಉಬ್ಬಬೇಕು. (ಹೊಟ್ಟೆ ಯಾರ ಅಪ್ಪಣೆಗೂ ಕಾಯದೆ ಎಂದೋ ಉಬ್ಬಿತ್ತು.) ಇಂಥವರ ಅಂಗಡಿಯಲ್ಲಿ, ಬ್ಯಾಂಕ್ ಮ್ಯಾನೇಜರ ಬೀಳ್ಕೊಡುಗೆಗೆಂದು ಮಾಡಿದ ದೊಡ್ಡ ಕೇಕು, ಅದೂ ತುಂಬಿದ ಅಂಗಡಿಯಲ್ಲಿ, ಎಲ್ಲರೂ ನೋಡುತ್ತಿರುವಾಗಲೇ ಉಸ್ಸೆಂದು ನಡು ಕುಸಿದು ಕೂತಿತು ಎಂದರೆ ಅವರ ಪಾಡು ಏನಾಗಿರಬೇಡ!

ಮ್ಯಾನೇಜರು ಒಳ್ಳೆಯ ಮನುಷ್ಯ. "ಹೋಗ್ಲಿ ಬಿಡಿ, ನಾನು ಹೊರಟ ದುಃಖಕ್ಕೆ ಕುಸಿದಿರ್ಬೇಕು" ಎಂದು ನಕ್ಕು, ಹಳ್ಳ ಬಿದ್ದ ಜಾಗಕ್ಕೆ ಹೂಗುಚ್ಛವೊಂದನ್ನು ಇಟ್ಟು ಮುಚ್ಚಿ ಒಯ್ದರು. ಯಜಮಾನರು ಮಾತ್ರ ನಗಲಿಲ್ಲ. ಕುಸಿದ ಕೇಕಿಗೆ ಒಬ್ಬ ಅಪರಾಧಿ ಬೇಕಾಗಿತ್ತು. ತಾವಂತೂ ಆಗಿರಲು ಸಾಧ್ಯವೇ ಇಲ್ಲ. ಸೌದೆ ಒಲೆ ಅಪ್ಪ ಕಟ್ಟಿಸಿದ್ದು, ಅದನ್ನು ಅನುಮಾನಿಸಿದರೆ ಅಪ್ಪನನ್ನೇ ಅನುಮಾನಿಸಿದ ಹಾಗೆ. ಹಿಟ್ಟು, ಸಕ್ಕರೆ ಎರಡೂ ದೂರದ ಗಿರಣಿಗಳಿಂದ ಬಂದವು, ಅವುಗಳ ಜೊತೆ ಎದುರೆದುರು ನಿಂತು ಜಗಳವಾಡುವ ಸುಖವಿಲ್ಲ. ಉಳಿದದ್ದು ಮೊಟ್ಟೆ. ಮೊಟ್ಟೆ ಕೊಡುತ್ತಿದ್ದವನು ಊರಾಚೆ ಕೋಳಿ ಸಾಕಿಕೊಂಡಿದ್ದ ಹೆಂಡತಿಯ ತಮ್ಮ. ಜಗಳಕ್ಕೆ ಇದಕ್ಕಿಂತ ಅನುಕೂಲವಾದ ಆಸಾಮಿ ಎಲ್ಲಿ ಸಿಗಬೇಕು!

ಮಾರನೆಯ ದಿನ ಭಾವಮೈದ ಮೊಟ್ಟೆಯ ಟ್ರೇ ಇಳಿಸುತ್ತಿದ್ದ ಹಾಗೇ ಯಜಮಾನರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನಯ್ಯಾ, ನೀನು ಮೊಟ್ಟೆ ಕೊಡ್ತಿದೀಯೋ, ಸುಣ್ಣದ ಉಂಡೆ ಕೊಡ್ತಿದೀಯೋ? ನಿನ್ನ ಮೊಟ್ಟೇಲಿ ಜೀವವೇ ಇಲ್ಲ!"

"ಜೀವ ಇರೋ ಮೊಟ್ಟೆ ಬೇಕು ಅಂತ ಮೊದಲೇ ಹೇಳ್ಬೇಕಿತ್ತು ಭಾವ, ಮರಿ ಸಮೇತ ತಂದ್ಕೊಡ್ತಿದ್ದೆ. ಕೇಕು ಕುಸಿದ್ರೆ ಮೊದಲು ಒಲೆ ನೋಡ್ಕೋಬೇಕು."

"ನಮ್ಮಪ್ಪನ ಒಲೆಗೆ ಹೆಸರಿಡ್ತೀಯಾ?"

"ನೀವು ನನ್ನ ಕೋಳಿಗಳಿಗೆ ಹೆಸರಿಡಬಹುದು, ನಾನು ನಿಮ್ಮ ಒಲೆಗೆ ಇಡಬಾರ್ದಾ?"

"ನಿನ್ನ ಕೋಳಿಯ ಹಂಗೇ ನನಗೆ ಬೇಡ. ತಗೊಂಡು ಹೋಗು ಇದನ್ನ. ನಾನೇ ಕೋಳಿ ಸಾಕ್ತೀನಿ, ನನ್ನ ಮೊಟ್ಟೆ ನಾನೇ ಒಡೀತೀನಿ!"

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಯಜಮಾನರ ತಾಯಿ ಮೂಗಿನ ತುದಿಗೆ ಇಳಿದ ಕನ್ನಡಕದ ಮೇಲಿಂದ ಮಗನನ್ನು ನೋಡಿದರು. "ಇವನಾ? ಕೋಳಿನಾ?" ಎಂದಷ್ಟೇ ಹೇಳಿ ಚಿಲ್ಲರೆ ಜೋಡಿಸತೊಡಗಿದರು. ಆ ಎರಡು ಮಾತಿನಲ್ಲಿದ್ದ ಅಪನಂಬಿಕೆ ಯಜಮಾನರ ಹಠಕ್ಕೆ ಸಾಕಷ್ಟು ತುಪ್ಪ ಸುರಿಯಿತು.

ಒಪ್ಪಂದ ಅಲ್ಲೇ ಆಯಿತು. ಭಾವಮೈದನ ಹತ್ತಿರ ಅವತ್ತಷ್ಟೇ ಮೊಟ್ಟೆಯೊಡೆದು ಬಂದ ಮರಿಗಳಿದ್ದವು. ಅವುಗಳಲ್ಲಿ ಹತ್ತು ಯಜಮಾನರಿಗೆ, ಹತ್ತು ತನಗೆ. ತನ್ನ ಹತ್ತಕ್ಕೂ ಮೈ ತುಂಬ ಪುಕ್ಕ ಬಂದ ದಿನ ಅವನು ಅವನ್ನು ಬುಟ್ಟಿಯಲ್ಲಿ ಹೊತ್ತು ಅಂಗಡಿಗೆ ಬರುವುದು. ಯಜಮಾನರ ಮರಿಗಳಿಗೂ ಅಷ್ಟೇ ಪುಕ್ಕ ಬಂದಿದ್ದರೆ ಅವನು ಅಂಗಡಿಯ ನಡುವೆ ನಿಂತು 'ತಪ್ಪು ನನ್ನ ಮೊಟ್ಟೆಯದೇ' ಎಂದು ಕೂಗಿ ಹೇಳುವುದು.

"ಬರದಿದ್ರೆ?" ಎಂದ ಭಾವಮೈದ.

"ಬರದಿದ್ರೆ, 'ಮೊಟ್ಟೆಯದೇನೂ ತಪ್ಪಿಲ್ಲ' ಅಂತ ನಾನು ಕೂಗ್ತೀನಿ. ಬೀದಿ ಕೊನೆಗೆ ಕೇಳೋ ಹಾಗೆ ಕೂಗ್ತೀನಿ. ಸಾಕಾ?"

"ನಾನು ಸಾಕ್ಷಿ" ಎಂದರು ಮೂಲೆಯ ಬೆಂಚಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರು, ಬಾಯಿ ತುಂಬ ಬನ್ನು ಇಟ್ಟುಕೊಂಡು. ದಿನವೂ ಸಂಜೆ ಒಂದು ಬನ್ನು, ಒಂದು ಲೋಟ ಚಹಾ, ಅಂಗಡಿಯ ಎಲ್ಲ ವ್ಯವಹಾರಕ್ಕೂ ಒಂದು ಸಾಕ್ಷಿ, ಇದು ಅವರ ನಿವೃತ್ತ ಜೀವನದ ದಿನಚರಿ.

ಹೀಗೆ ಹತ್ತು ಹಳದಿ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಚಿಂವ್‌ಗುಟ್ಟುತ್ತಾ ಮನೆಗೆ ಬಂದವು. ಅವುಗಳ ಜೊತೆಗೆ ಭಾವಮೈದ ಮರಿಗಳ ತೀನಿಯ ಒಂದು ಚೀಲವನ್ನೂ ಇಟ್ಟು ಹೋಗಿದ್ದ. ಶತ್ರುಪಕ್ಷದ ಆಹಾರವನ್ನು ಮುಟ್ಟುವುದಿಲ್ಲವೆಂದು ಯಜಮಾನರು ಅದನ್ನು ಹಿತ್ತಲ ಮೂಲೆಗೆ ತಳ್ಳಿದರು.

ಅಂಗಡಿಯ ಹಿಂದೆ ಒಲೆ, ಒಲೆಯ ಹಿಂದೆ ಒಂದು ಪುಟ್ಟ ಕೋಣೆ, ಅದರಾಚೆ ಮನೆ. ಕಲಸಿದ ಹಿಟ್ಟನ್ನು ಉಬ್ಬಲು ಇಡುತ್ತಿದ್ದದ್ದು ಆ ಪುಟ್ಟ ಕೋಣೆಯಲ್ಲಿ. ಮನೆಮಂದಿ ಅದನ್ನು ಉಬ್ಬುಕೋಣೆ ಎನ್ನುತ್ತಿದ್ದರು. ಒಂದು ಗೋಡೆಗೆ ಒಲೆಯ ಬೆನ್ನು, ಆ ಗೋಡೆಗೆ ಒರಗಿಸಿ ಪೇರಿಸಿದ ಮೈದಾ ಮೂಟೆಗಳು, ಎದುರು ಗೋಡೆಗೆ ಹಿಟ್ಟಿನ ತಟ್ಟೆಗಳ ಹಲಗೆ, ಮೇಲೆ ಅಂಗೈಯಗಲದ ಗವಾಕ್ಷಿ. ಈಚೆಗೆ ಆ ಕೋಣೆಯಲ್ಲಿ ಹಿಟ್ಟು ಹಿಂದೆಂದಿಗಿಂತ ಬೇಗ ಉಬ್ಬುತ್ತಿತ್ತು. ವಯಸ್ಸಾದಂತೆ ತಮ್ಮ ಕೈಗುಣ ಹೆಚ್ಚುತ್ತಿದೆ ಎಂದು ಯಜಮಾನರು ಒಳಗೊಳಗೇ ಹಿಗ್ಗಿದ್ದರು. ಹಿಟ್ಟನ್ನು ಉಬ್ಬಿಸುವ ಕೋಣೆ ಮರಿಗಳನ್ನು ಉಬ್ಬಿಸದೇ ಇರುತ್ತದೆಯೇ? ಹಿಟ್ಟಿನ ತಟ್ಟೆಗಳು ಅಡುಗೆಮನೆಗೆ ವರ್ಗವಾದವು, ಮರಿಗಳ ಪೆಟ್ಟಿಗೆ ಮೂಟೆಗಳ ಪಕ್ಕದಲ್ಲಿ ಪ್ರತಿಷ್ಠಾಪನೆಗೊಂಡಿತು.

"ಅಲ್ಲಿ ಬೇಡ ರೀ" ಎಂದಳು ಹೆಂಡತಿ. "ಬನ್ನಲ್ಲಿ ಪುಕ್ಕ ಸಿಕ್ರೆ ಗಿರಾಕಿಗಳು ಸುಮ್ನಿರ್ತಾರಾ?"

"ಪುಕ್ಕ ಬರ್ಲಿ ಮೊದಲು. ಆಮೇಲೆ ಬನ್ನಿನ ಮಾತು."

"ನಾನು ಕೋಳಿಗಳ ನಡುವೆ ಬೆಳೆದವಳು. ಆ ಕೋಣೆ ಧಗೆ ಮರಿಗಳಿಗೆ ಜಾಸ್ತಿ ಆಗುತ್ತೆ. ಜಗಲೀಲಿ ಇಟ್ಟು, ಒಂದು ಮೂಲೇಲಿ ಬಲ್ಬು ಹಾಕಿದ್ರೆ, ಚಳಿಯಾದವು ಹತ್ರ ಬರ್ತವೆ, ಸೆಕೆಯಾದವು ದೂರ ಹೋಗ್ತವೆ."

"ನೀನು ಎದುರು ಪಾರ್ಟಿ. ನಿನ್ನ ಸಲಹೆ ಹಿಂದೆ ಏನಿದೆ ಅಂತ ನನಗೆ ಗೊತ್ತಿಲ್ವಾ?"

ಹೆಂಡತಿ ಒಳಗೆ ಹೋದಳು. ಅವತ್ತಿನಿಂದ ಅವಳಿಗೆ ಉಬ್ಬುಕೋಣೆಗೆ ಪ್ರವೇಶ ನಿಷೇಧ. ಆದರೂ ಯಜಮಾನರು ಅಂಗಡಿಗೆ ಹೋದ ತಕ್ಷಣ ಅವಳು ಸ್ಟೂಲು ಹತ್ತಿ ಗವಾಕ್ಷಿ ತೆಗೆಯುತ್ತಿದ್ದಳು, ಅವರು ಬಂದು ಮುಚ್ಚುತ್ತಿದ್ದರು, ಅವರು ಬೆನ್ನು ತಿರುಗಿಸಿದರೆ ಮತ್ತೆ ತೆಗೆಯುತ್ತಿದ್ದಳು. ಆ ಮರಿಗಳು ಬದುಕಿ ಉಳಿದದ್ದಕ್ಕೆ ಈ ಗವಾಕ್ಷಿ ಸಮರವೇ ಕಾರಣವೆಂದು ಈಗ ಎಲ್ಲರಿಗೂ ಗೊತ್ತು.

ತೀನಿಯ ಚೀಲ ಮುಟ್ಟುವುದಿಲ್ಲವೆಂದ ಮೇಲೆ ಮರಿಗಳು ತಿನ್ನುವುದೇನನ್ನು? ಬನ್ನನ್ನು! ಅವತ್ತಿನ ಬನ್ನಿನ ಮೆತ್ತಗಿನ ತಿರುಳನ್ನು ಯಜಮಾನರು ಸ್ವತಃ ಉಜ್ಜಿ ಉಜ್ಜಿ ಪುಡಿ ಮಾಡಿ ಹಾಕುತ್ತಿದ್ದರು. ಮರಿಗಳು ಮುಗಿಬಿದ್ದು ತಿಂದವು, ದುಂಡಗಾದವು. ಅವುಗಳಲ್ಲೇ ಎಲ್ಲಕ್ಕಿಂತ ದುಂಡಗಿದ್ದ ಒಂದು, ಯಜಮಾನರ ಕಾಲಿನ ಸದ್ದಿಗೇ ಉರುಳಿಕೊಂಡು ಓಡಿ ಬರುತ್ತಿತ್ತು. ಅದಕ್ಕೆ ಅವರು ಗುಂಡ ಎಂದು ಹೆಸರಿಟ್ಟರು. ಆಮೇಲೆ ಹೆಸರಿಟ್ಟ ತಪ್ಪಿಗೆ ಅದನ್ನು ಪ್ರೀತಿಸಲೂ ಬೇಕಾಯಿತು.

ಹಳದಿ ತುಪ್ಪುಳು ಮರಿಯ ಹುಟ್ಟುಡುಪು. ಮೈ ಬೆಳೆದ ಹಾಗೆ ಅದು ಸಾಲದಾಗುತ್ತದೆ, ಅಷ್ಟರಲ್ಲಿ ಪುಕ್ಕ ಬಂದು ಕೈ ಹಿಡಿಯಬೇಕು. ಇಲ್ಲಿ ಮೈ ಬೆಳೆಯಿತು, ತುಪ್ಪುಳು ತೆಳ್ಳಗಾಯಿತು, ಪುಕ್ಕದ ಸುಳಿವೇ ಇಲ್ಲ. ಬೆನ್ನು ಕೆಂಪು, ಹೊಟ್ಟೆ ಕೆಂಪು, ರೆಕ್ಕೆಯ ಜಾಗದಲ್ಲಿ ಒಂದೆರಡು ಮೊಂಡು ಕಡ್ಡಿ. ಆ ಹತ್ತೂ ಮರಿಗಳು ಸ್ನಾನ ಮುಗಿಸಿ ಟವೆಲ್ಲು ಹುಡುಕುತ್ತಿರುವವರಂತೆ ಅತ್ತಿತ್ತ ಓಡಾಡುತ್ತಿದ್ದವು.

ಅಷ್ಟರಲ್ಲಿ ಹೆಂಡತಿ ತಮ್ಮನ ಮನೆಗೆ ಹೋಗಿ ಬಂದಳು. ಯಜಮಾನರು ಏನೂ ಕೇಳಲಿಲ್ಲ. ಕೇಳಲಿಲ್ಲವೆಂದರೆ, ಅವಳು ಚಪ್ಪಲಿ ಬಿಡುವಾಗ ಒಂದು ಸಲ ಅಲ್ಲಿ ಸುಳಿದರು, ನೀರು ಕುಡಿಯುವಾಗ ಇನ್ನೊಂದು ಸಲ ಕೆಮ್ಮಿದರು.

"ಕೋಟು ಹೊಲಿಸಿ ಹಾಕಿದ ಹಾಗಿದೆ ಅವಕ್ಕೆ" ಎಂದಳು ಹೆಂಡತಿ, ಯಾರಿಗೋ ಹೇಳುವಂತೆ. "ಬೆನ್ನ ಮೇಲೆಲ್ಲ ಕಂದು ಪುಕ್ಕ, ಅಂಚಿಗೆ ಬಿಳಿ."

"ಬಟ್ಟೆ ಮೇಲೆ ಗಮನ ಇರೋರಿಗೆ ಒಳಗೆ ಏನೂ ಇರಲ್ಲ. ನಮ್ಮವು ಮೊದಲು ಮೈ ಕಟ್ಟಿಕೊಳ್ತಿವೆ."

"ಬನ್ನಲ್ಲಿ ಮೈ ಬರುತ್ತೆ, ಪುಕ್ಕ ಬರಲ್ಲ. ಪುಕ್ಕ ಕಟ್ಟೋಕೆ ಸತ್ವ ಬೇಕು. ಬನ್ನಲ್ಲಿ ಏನಿದೆ?"

ಯಜಮಾನರು ಕೈಲಿದ್ದ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. "ಬನ್ನಲ್ಲಿ... ಏನಿದೆ? ಈ ಮನೆಗೆ ಸೂರು, ನಿನ್ನ ಕಿವಿಗೆ ಓಲೆ, ನನ್ನ ಹೊಟ್ಟೆ, ಇದೆಲ್ಲ ಯಾವುದರಿಂದ ಬಂತೇ?"

"ಹೊಟ್ಟೆ ಬಂತು ಅಂತ್ಲೇ ಹೇಳಿದ್ದು. ಪುಕ್ಕ ಬಂತಾ ನಿಮಗೆ?"

ಯಜಮಾನರು ಕೋಪದಿಂದ ಉಬ್ಬುಕೋಣೆಗೆ ಹೋಗಿ ಗವಾಕ್ಷಿ ಮುಚ್ಚಿದರು.

ಅವರ ಸಿದ್ಧಾಂತ ಸರಳವಾಗಿತ್ತು. ಹಿಟ್ಟು ಉಬ್ಬದಿದ್ದರೆ ಏನು ಮಾಡುತ್ತೇವೆ? ಇನ್ನಷ್ಟು ಬೆಚ್ಚಗೆ ಇಡುತ್ತೇವೆ. ಪುಕ್ಕ ಬರದಿದ್ದರೂ ಅಷ್ಟೇ. ಪೆಟ್ಟಿಗೆಯನ್ನು ಮೂಟೆಗಳ ಇನ್ನೂ ಹತ್ತಿರಕ್ಕೆ ಎಳೆದರು. ಬನ್ನು ಸುಟ್ಟಾದ ಮೇಲೂ ಒಲೆ ಆರಬಾರದೆಂದು ಮಧ್ಯಾಹ್ನವೆಲ್ಲ ರಸ್ಕು ಸುಡತೊಡಗಿದರು. ರಸ್ಕು ಡಬ್ಬಿ ತುಂಬಿತು, ಡ್ರಮ್ಮು ತುಂಬಿತು, ಮೆಟ್ಟಿಲ ಕೆಳಗಿನ ಗೂಡು ತುಂಬಿತು. ಬ್ರೆಡ್ಡು ಕೊಂಡವರಿಗೆ ರಸ್ಕು ಉಚಿತ, ವಿಳಾಸ ಕೇಳಲು ಬಂದವರಿಗೂ ರಸ್ಕು ಉಚಿತ. ಬೀದಿಯ ಜನ ರಸ್ಕಿಗೆ ಹೆದರಿ ಎದುರು ಕಡೆಯಿಂದ ನಡೆಯತೊಡಗಿದರು. ಈಚೆಗೆ ಸೌದೆ ಎಷ್ಟು ಹಾಕಿದರೂ ಸಾಲುತ್ತಿರಲಿಲ್ಲ, ಸೌದೆ ಹಸಿಯಿರಬೇಕೆಂದು ಯಜಮಾನರು ಸೌದೆಯವನನ್ನೂ ಬೈದಾಯಿತು.

ಆ ಧಗೆಗೆ ಮರಿಗಳು ಬಾಯಿ ತೆರೆದು, ಇಲ್ಲದ ರೆಕ್ಕೆಗಳನ್ನು ಅಗಲಿಸಿ, ಮೂಟೆಗಳಿಂದ ಎಷ್ಟು ದೂರವಾಗುತ್ತದೋ ಅಷ್ಟು ದೂರದ ಮೂಲೆಗೆ ಹೋಗಿ ಏದುಸಿರು ಬಿಡುತ್ತಿದ್ದವು.

"ನೋಡು ಬಾ" ಎಂದು ಯಜಮಾನರು ತಾಯಿಯನ್ನು ಕರೆದು ತೋರಿಸಿದರು. "ಹಾರೋಕೆ ಅಭ್ಯಾಸ ಮಾಡ್ತಿವೆ. ಹಾಡ್ತಾನೂ ಇವೆ."

"ಹಾಡು ಕೇಳಿಸ್ತಿಲ್ವಲ್ಲೋ."

"ಇನ್ನೂ ಬಾಯಿ ತೆಗೆಯೋ ಹಂತದಲ್ಲಿವೆ."

ತಾಯಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, ಗುಂಡನ ಬರಿ ಬೆನ್ನಿನ ಮೇಲೆ ಬೆರಳಾಡಿಸಿದರು. "ನಿನಗೂ ಹಲ್ಲು ಬರೋದು ತಡ ಆಗಿತ್ತು ಮಗಾ. ಬೀದಿಯೆಲ್ಲ ನಕ್ಕಿತ್ತು. ಈಗ ನೋಡು, ಎಲ್ಲರನ್ನೂ ಕಚ್ಕೊಂಡು ಓಡಾಡ್ತಿದೀಯ." ಇದನ್ನು ಯಜಮಾನರು ಆಶೀರ್ವಾದವೆಂದೇ ಸ್ವೀಕರಿಸಿದರು.

ಅಂಗಡಿಯಲ್ಲಿ ಮಾತು ಹಬ್ಬಿತ್ತು. ಬ್ರೆಡ್ಡಿಗೆ ಬಂದವರು ಮರಿ ನೋಡಬೇಕೆನ್ನುವರು, ನೋಡಿದವರು ಇವು ಹಲ್ಲಿಗಳೋ ಇಲಿಮರಿಗಳೋ ಎನ್ನುವರು. ಯಾರೋ ಒಬ್ಬಾಕೆ ಮೊಮ್ಮಗುವಿನ ಹಳೆಯ ಟೋಪಿ ತಂದುಕೊಟ್ಟಳು. ಯಜಮಾನರು ಒಬ್ಬೊಬ್ಬರಿಗೂ ಉತ್ತರ ಕೊಟ್ಟರು. "ನಗ್ರೀ, ನಗ್ರೀ. ಬರುತ್ತೆ. ಬಂದಾಗ ಎಂಥ ಪುಕ್ಕ ಬರುತ್ತೆ ಅಂದ್ರೆ, ನೀವು ಕಣ್ಣು ಮುಚ್ಕೋಬೇಕು!" ಅಂಗಡಿ ಮುಚ್ಚಿದ ಮೇಲೆ ಮಾತ್ರ ಅವರು ಪೆಟ್ಟಿಗೆಯ ಎದುರು ಕುಕ್ಕರಗಾಲಲ್ಲಿ ಕೂತು, ಗುಂಡನನ್ನು ಅಂಗೈಯಲ್ಲಿಟ್ಟುಕೊಂಡು, "ಒಂದಾದ್ರೂ ಬಿಡೋ, ನನ್ನ ಮಾನ ಉಳಿಸೋ" ಎಂದು ಬೇಡಿಕೊಳ್ಳುತ್ತಿದ್ದರು. ಗುಂಡ ಅವರ ಬೆರಳಿಗೆ ಅಂಟಿದ ಬನ್ನಿನ ಪುಡಿಯನ್ನು ಕುಕ್ಕಿ ತಿನ್ನುತ್ತಿತ್ತು.

ಕೊನೆಗೂ ಆ ದಿನ ಬಂತು. ಭಾವಮೈದ ಬುಟ್ಟಿ ಹೊತ್ತು ಅಂಗಡಿಗೆ ಬಂದ, ಗಿರಾಕಿಗಳು ತುಂಬಿದ್ದ ಸಂಜೆಯನ್ನೇ ನೋಡಿಕೊಂಡು ಬಂದ. ಮುಚ್ಚಳ ತೆಗೆದದ್ದೇ ತಡ, ಪಟಪಟನೆ ರೆಕ್ಕೆ ಬಡಿದುಕೊಂಡು ಹತ್ತು ಮರಿಗಳು ಹೊರಗೆ ಹಾರಿದವು. ಒಂದು ಗಾಜಿನ ಬೀರುವಿನ ಮೇಲೆ, ಒಂದು ತಕ್ಕಡಿಯ ತಟ್ಟೆಯಲ್ಲಿ, ಇನ್ನೊಂದು ಮೇಷ್ಟ್ರ ಹೆಗಲ ಮೇಲೆ. ಎಲ್ಲಕ್ಕೂ ಕುತ್ತಿಗೆಯಿಂದ ಬಾಲದವರೆಗೆ ಒತ್ತಾದ ಕಂದು ಪುಕ್ಕ.

"ನಿಮ್ಮವನ್ನ ತನ್ನಿ ಭಾವ" ಎಂದ ಅವನು.

ಯಜಮಾನರು ತಲೆಯೆತ್ತಿಕೊಂಡೇ ಒಳಗೆ ಹೋದರು, ತಲೆಯೆತ್ತಿಕೊಂಡೇ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಹತ್ತು ಕೆಂಪು ಬರಿಮೈಗಳು ಅಂಗಡಿಯ ತಂಗಾಳಿ ಸೋಕಿದ್ದೇ ಸಾಕೆಂದು ಸುಖವಾಗಿ ಕಣ್ಣು ಮುಚ್ಚಿದವು. ಅಂಗಡಿಯಲ್ಲಿ ಎದ್ದ ನಗುವಿಗೆ ಗಾಜಿನ ಬೀರು ಅದುರಿತು.

"ನಗಬೇಡಿ!" ಯಜಮಾನರು ಮೇಜು ಕುಟ್ಟಿದರು. "ಇದರಿಂದ ಏನು ಗೊತ್ತಾಯ್ತು? ನಾನು ಮೊದಲೇ ಏನು ಹೇಳಿದ್ದೆ? ಇವನ ಮೊಟ್ಟೆ ಸರಿಯಿಲ್ಲ ಅಂತ! ಮೊಟ್ಟೆ ಸರಿಯಿದ್ದಿದ್ರೆ ಮರಿ ಹೀಗಿರ್ತಿತ್ತಾ? ಕೇಕೂ ಎದ್ದಿಲ್ಲ, ಪುಕ್ಕಾನೂ ಎದ್ದಿಲ್ಲ. ಗೆದ್ದಿದ್ದು ನಾನೇ!"

ಈ ವಾದದ ಚಂದಕ್ಕೆ ಭಾವಮೈದ ಕೂಡ ಒಂದು ಕ್ಷಣ ದಂಗಾದ. "ಒಂದೇ ರಾಶಿಯ ಮರಿಗಳಲ್ವಾ ಭಾವ ಇವೆರಡೂ?"

"ಒಳ್ಳೆಯದನ್ನೆಲ್ಲ ಆರಿಸಿ ನೀನು ಇಟ್ಕೊಂಡೆ."

ಮೇಷ್ಟ್ರು ಹೆಗಲ ಮೇಲಿದ್ದ ಮರಿಯನ್ನು ಇಳಿಸುತ್ತಾ, ಸಮಾಧಾನದ ದನಿಯಲ್ಲಿ ನಡುವೆ ಬಾಯಿ ಹಾಕಿದರು. "ಪಾಪ, ಬೆಚ್ಚಗಿನ ಜಾಗ ಸಿಕ್ಕಿಲ್ವೇನೋ ಅವಕ್ಕೆ."

ಯಜಮಾನರಿಗೆ ಎಲ್ಲಿಲ್ಲದ ರೋಷ ಬಂತು. ತಮ್ಮನ್ನು ಏನು ಬೇಕಾದರೂ ಅನ್ನಲಿ, ಬೆಚ್ಚಗಿಡಲಿಲ್ಲ ಅನ್ನುವುದೇ! ಯಾರ ಮಕ್ಕಳನ್ನು ಯಾರು ಇದಕ್ಕಿಂತ ಬೆಚ್ಚಗೆ ಇಟ್ಟಿದ್ದರು?

"ಬನ್ನಿ! ಎಲ್ಲರೂ ಬನ್ನಿ ಒಳಗೆ! ನೀನೂ ಬಾರಯ್ಯಾ!" ಎಂದು ಭಾವಮೈದನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋದರು. ಹಿಂದೆ ಮೇಷ್ಟ್ರು, ಮೇಷ್ಟ್ರ ಹಿಂದೆ ಗಿರಾಕಿಗಳು, ಗಲ್ಲಾಪೆಟ್ಟಿಗೆಗೆ ಬೀಗ ಹಾಕಿಕೊಂಡು ತಾಯಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೆಂಡತಿ. ಉಬ್ಬುಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಎಲ್ಲರ ಹಣೆಯಲ್ಲೂ ಬೆವರು ಕಿತ್ತುಕೊಂಡಿತು.

"ಹೇಗಿದೆ ಕೋಣೆ? ತಣ್ಣಗಿದೆಯಾ? ಬಲ್ಬೂ ಬೇಡ, ಏನೂ ಬೇಡ. ನಮ್ಮಪ್ಪನ ಒಲೆ, ಗೋಡೆ ಈಚೆಗೂ ಕಾಯುತ್ತೆ! ಇಲ್ಲಿ ಮುಟ್ಟಿ ನೋಡು!" ಎನ್ನುತ್ತಾ ಯಜಮಾನರು ಮೈದಾ ಮೂಟೆಗಳನ್ನು ಒಂದೊಂದಾಗಿ ಬದಿಗೆಳೆದು, ಭಾವಮೈದನ ಅಂಗೈಯನ್ನು ಗೋಡೆಗೆ ಒತ್ತಿದರು.

"ಅಯ್ಯಯ್ಯೋ!" ಎಂದು ಅವನು ಕೈ ಕೊಡವಿಕೊಂಡ. ಕೈಗೆ ಉಫ್ ಉಫ್ ಎಂದು ಊದಿಕೊಳ್ಳುತ್ತಲೇ ಬಗ್ಗಿ ಗೋಡೆಯನ್ನು ನೋಡಿದ. ಇನ್ನಷ್ಟು ಬಗ್ಗಿದ. ಮೂಟೆಗಳ ಹಿಂದೆ, ನೆಲದಿಂದ ಮೊಣಕಾಲೆತ್ತರದಲ್ಲಿ ಗೋಡೆ ಬಿರುಕುಬಿಟ್ಟಿತ್ತು. ಬಿರುಕಿನೊಳಗೆ ಇಟ್ಟಿಗೆಯೊಂದು ಒಡೆದು ಜರುಗಿತ್ತು. ಅದರಾಚೆ ಕೆಂಡ ನಿಗಿನಿಗಿ ಹೊಳೆಯುತ್ತಿತ್ತು.

"ಭಾವ" ಎಂದ ಅವನು, ಬಹಳ ಮೆಲ್ಲಗೆ. "ನಿಮ್ಮ ಕೇಕಿನ ಬಿಸಿ ಇಲ್ಲಿದೆ ನೋಡಿ."

ಹೆಂಡತಿ ಬಿಡಿಸಿ ಹೇಳಿದಳು. "ಒಲೆ ಬೆನ್ನು ಒಡೆದು ಬಿಸಿಯೆಲ್ಲ ಈ ಕಡೆ ಬರ್ತಿದೆ. ಬನ್ನು ಸಣ್ಣದು, ಹೇಗೋ ಬೆಂದುಬಿಡುತ್ತೆ. ದೊಡ್ಡ ಕೇಕಿನ ನಡು ಬೇಯಲಿಲ್ಲ, ಕುಸೀತು. ಅಲ್ಲಿ ಕಮ್ಮಿ ಆದ ಬಿಸಿ ಇಲ್ಲಿ ಮರಿಗಳಿಗೆ ಜಾಸ್ತಿ ಆಯ್ತು, ಪುಕ್ಕ ಬರಲಿಲ್ಲ. ಬಿಸಿಲಲ್ಲಿ ನಿಂತವರು ಕಂಬಳಿ ಯಾಕ್ರೀ ಹೊದೀತಾರೆ?"

ಒಂದೇ ಬಿರುಕಿನಿಂದ ಎರಡು ಅಪರಾಧ ಪತ್ತೆಯಾಗಿತ್ತು, ಪತ್ತೆ ಮಾಡಿಸಿದವರು ಯಜಮಾನರೇ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಯಜಮಾನ್ರೇ, ಆ ಮಾತು...?"

"ಯಾವ ಮಾತು?" ಯಜಮಾನರು ಕೈ ಕಟ್ಟಿ ನಿಂತರು. "ಈ ಬಿರುಕು ಇವತ್ತು ಬಂದಿರಬಹುದು, ನೀವೆಲ್ಲ ಒಟ್ಟಿಗೆ ನುಗ್ಗಿದ್ದಕ್ಕೇ ಬಂದಿರಬಹುದು. ಕೇಕು ಕುಸಿದ ದಿನ ಇತ್ತು ಅನ್ನೋಕೆ ಏನು ಸಾಕ್ಷಿ? ಒಲೆ ರಿಪೇರಿ ಆಗ್ಲಿ. ಇವನ ಮೊಟ್ಟೇನೇ ಹಾಕಿ ಕೇಕು ಮಾಡ್ತೀನಿ. ಅದು ಉಬ್ಬಿದ್ರೆ..."

"ಉಬ್ಬಿದ್ರೆ?"

"ಉಬ್ಬಿದ್ರೆ ಆಗ ನೋಡೋಣ!"

ಆ ಸಂಜೆಯೇ ಮರಿಗಳ ಉಸ್ತುವಾರಿ ಹೆಂಡತಿಯ ಕೈಗೆ ಹೋಯಿತು. ಪೆಟ್ಟಿಗೆ ಹಿತ್ತಲ ಜಗಲಿಗೆ ಬಂತು, ಒಂದು ಮೂಲೆಗೆ ಬಲ್ಬು ಇಳಿಬಿತ್ತು, ಮೂಲೆಗೆ ತಳ್ಳಿದ್ದ ತೀನಿಯ ಚೀಲದ ಬಾಯಿ ಬಿಚ್ಚಿತು. ಯಜಮಾನರಿಗೆ ಕಟ್ಟಪ್ಪಣೆಯಾಯಿತು. ಪುಕ್ಕ ಬರುವವರೆಗೆ ಅವರು ಜಗಲಿಯ ಕಡೆ ತಲೆ ಹಾಕಬಾರದು, ಮರಿ ಮುಟ್ಟಬಾರದು, ಬನ್ನಿನ ಹೆಸರೆತ್ತಬಾರದು. "ಅದರಲ್ಲೂ ಹಿಟ್ಟು ಕಲಸೋ ಕೈಯಲ್ಲಿ ಮರಿ ಮುಟ್ಟಿದ್ರೋ, ನಾನು ಸುಮ್ನಿರಲ್ಲ" ಎಂದಳು.

"ನನಗೇನು ಹುಚ್ಚಾ? ಆ ಮರಿಗಳ ಮುಖಾನೂ ನೋಡಲ್ಲ ನಾನು" ಎಂದರು ಯಜಮಾನರು.

ಹೇಳಿದ್ದೇನೋ ಹೇಳಿದರು. ಬೇಕರಿಯವರು ಎಲ್ಲರಿಗಿಂತ ಮೊದಲು ಏಳುವವರು. ಮನೆಯಲ್ಲಿ ಇನ್ನಾರೂ ಎದ್ದಿರದ ಹೊತ್ತಿನಲ್ಲಿ, ಅಂಗಿಯ ತೋಳು ಮಡಿಚಿಕೊಂಡು ಹಿಟ್ಟು ಕಲಸಲು ಹೊರಟವರ ಕಾಲು ತಾನಾಗಿ ಜಗಲಿಯ ಕಡೆ ತಿರುಗುತ್ತಿತ್ತು. ಗುಂಡ ಓಡಿ ಬರುತ್ತಿತ್ತು. ಅದನ್ನು ಎತ್ತಿ ತೋಳಿನ ಮೇಲೆ ಕೂರಿಸಿಕೊಂಡು ರೆಕ್ಕೆ ಬಿಡಿಸಿ ನೋಡುವರು. ಮೊಂಡು ಕಡ್ಡಿಗಳ ತುದಿ ಒಡೆದು ಕುಂಚದಂತೆ ಅರಳಿದ್ದು ಕಂಡ ದಿನ ಅವರಿಗೆ ಕಣ್ಣು ಮಂಜಾಯಿತು. ಪಂಥವೆಲ್ಲ ಯಾರಿಗೆ ಬೇಕು, ಈ ಬಡಪಾಯಿಗಳು ಒಂದು ಬಟ್ಟೆ ತೊಟ್ಟರೆ ಸಾಕು ಎಂದೂ ಒಮ್ಮೆ ಅನ್ನಿಸಿಬಿಟ್ಟಿತು. (ಇದನ್ನು ಅವರು ಯಾರ ಹತ್ತಿರವೂ ಹೇಳಿಲ್ಲ.) ಆಮೇಲೆ ಕೈಯನ್ನು ಸೋಪು ಹಾಕಿ ಮೊಣಕೈವರೆಗೆ ಉಜ್ಜಿ ತೊಳೆದು, ಏನೂ ಅರಿಯದವರಂತೆ ಹಿಟ್ಟಿಗೆ ಇಳಿಯುತ್ತಿದ್ದರು.

ಗಾರೆಯವನು ಬಂದು ಒಡೆದ ಇಟ್ಟಿಗೆ ಕಿತ್ತು ಹೊಸದು ಕೂರಿಸಿದ. "ಇದು ಒಡೆದು ಬಹಳ ಕಾಲ ಆಗಿದೆ" ಎಂದು ಅವನು ಹೇಳಿದ್ದನ್ನು ಯಜಮಾನರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಒಲೆ ಹೊತ್ತಿಸಿದ ದಿನ ಭಾವಮೈದನ ಮೊಟ್ಟೆ ಒಡೆದು ಕೇಕಿಗೂ ಹಾಕಿದರು, ಉಳಿದದ್ದನ್ನು ಬನ್ನಿನ ಹಿಟ್ಟಿಗೂ ಹಾಕಿ ಕಲಸಿದರು. ಸಂಜೆ ಅಂಗಡಿ ಕಿಕ್ಕಿರಿಯಿತು. ಬಂದವರಿಗೆ ಬ್ರೆಡ್ಡು ಬೇಕಿರಲಿಲ್ಲ, ಆ ಮಾತು ಕೇಳಬೇಕಿತ್ತು. ಕಾಯುತ್ತಾ ಎಲ್ಲರೂ ಒಂದೊಂದು ಬನ್ನು ಕೊಂಡರು.

ಕೇಕು ಹೊರಗೆ ಬಂತು. ಉಬ್ಬಿತ್ತು. ಎಂಥ ಉಬ್ಬೆಂದರೆ, ತಟ್ಟೆಯ ಅಂಚು ದಾಟಿ, ನೆತ್ತಿ ಗೋಪುರವಾಗಿ, ಯಜಮಾನರ ಹೊಟ್ಟೆಗೇ ಸವಾಲು ಹಾಕುವಂತೆ ಉಬ್ಬಿತ್ತು. ಎಲ್ಲರೂ ಕಾದರು. ಕುಸಿಯಲಿಲ್ಲ. ಭಾವಮೈದ ಮೊಟ್ಟೆಯ ಟ್ರೇ ಪಕ್ಕದಲ್ಲಿ ಕೈ ಕಟ್ಟಿ ನಿಂತು ನಗುತ್ತಿದ್ದ.

"ಹೇಳಿ ಭಾವ."

"ಹೇಳ್ತೀನಿ ಇರೋ. ಗಂಟಲು ಒಣಗಿದೆ." ನೀರು ಕುಡಿದರು. "ಮೊ..." ಎಂದರು. ಕೆಮ್ಮಿದರು. ಮತ್ತೆ ನೀರು ಕುಡಿದರು. "ಮೊಟ್..." ಎಂದರು.

ಅಷ್ಟರಲ್ಲಿ ಮೂಲೆಯಿಂದ, "ಇದೇನಿದು?" ಎಂಬ ದನಿ ಕೇಳಿಸಿತು. ಮೇಷ್ಟ್ರು ಬನ್ನನ್ನು ಎರಡು ಹೋಳು ಮಾಡಿದ್ದರು. ಒಂದು ಹೋಳಿನ ತಿರುಳಿನಿಂದ ಎರಡು ಬೆರಳಲ್ಲಿ ಏನನ್ನೋ ಮೆಲ್ಲಗೆ ಎಳೆದು ಬೆಳಕಿಗೆ ಹಿಡಿದರು. ಪುಟ್ಟದೊಂದು ಪುಕ್ಕ.

ಎಲ್ಲರ ಕಣ್ಣೂ ಮೊದಲು ತಂತಮ್ಮ ಬನ್ನಿನ ಮೇಲೆ, ಆಮೇಲೆ ಮೊಟ್ಟೆಯ ಟ್ರೇ ಮೇಲೆ.

"ಮೊಟ್ಟೆಗೆ ಅಂಟ್ಕೊಂಡು ಬಂದಿರ್ಬೇಕು" ಎಂದಳು ಒಬ್ಬಾಕೆ.

"ಛೆ, ಒರೆಸಿ ಕೊಡಬಾರ್ದಾ?" ಎಂದ ಇನ್ನೊಬ್ಬ.

ಭಾವಮೈದನ ನಗು ಮಾಯವಾಯಿತು. "ಇಲ್ಲ ಸ್ವಾಮಿ, ಒಂದೊಂದು ಮೊಟ್ಟೇನೂ ಒರೆಸಿಯೇ ತರ್ತೀನಿ... ನಿಜವಾಗ್ಲೂ..." ಎಂದು ತಡವರಿಸಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನ ಮುಖ ನೋಡಿದಳು. ಆ ಮುಖದಲ್ಲಿ ದೀಪ ಹೊತ್ತಿಕೊಂಡಿತ್ತು. ಅವರೇನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಒಮ್ಮೆ ತಲೆಯಾಡಿಸಿದ್ದರೆ ಸಾಕಾಗಿತ್ತು. ಬನ್ನಿನ ಮಾನ ಉಳಿಯುತ್ತಿತ್ತು, ಅಪ್ಪನ ಒಲೆಯ ಮಾನ ಉಳಿಯುತ್ತಿತ್ತು, ಆ ಮಾತನ್ನು ಜನ್ಮದಲ್ಲಿ ಹೇಳಬೇಕಾಗುತ್ತಿರಲಿಲ್ಲ. ಯಜಮಾನರು ತಲೆಯಾಡಿಸಲು ಶುರುವನ್ನೂ ಮಾಡಿದ್ದರು.

ಮೇಷ್ಟ್ರು ಪುಕ್ಕವನ್ನು ತಿರುಗಿಸಿ ನೋಡುತ್ತಾ ಅಂದರು, "ಹೌದೌದು, ಇದು ಮೊಟ್ಟೆಯವನ ಕೋಳಿಯದ್ದೇ. ಯಜಮಾನರ ಮರಿಗಳಿಗೆ ಪುಕ್ಕ ಅನ್ನೋದು ಎಲ್ಲಿದೆ?"

"ಎಲ್ಲಿದೆ ಅಂದ್ರೆ?" ಗುಡುಗಿತು ಅಂಗಡಿ. ಯಜಮಾನರು ಮೇಜು ಸುತ್ತಿಕೊಂಡು ಬರುವ ತಾಳ್ಮೆಯಿಲ್ಲದೆ ಅದರ ಮೇಲೆಯೇ ಬಗ್ಗಿ ಪುಕ್ಕವನ್ನು ಕಿತ್ತುಕೊಂಡರು. "ಯಾರು ಹೇಳಿದ್ದು ಇವನ ಕೋಳಿಯದ್ದು ಅಂತ? ಮೊಟ್ಟೆಯದೇನೂ ತಪ್ಪಿಲ್ಲ! ಕೇಳಿಸ್ತಾ ಎಲ್ಲರಿಗೂ? ಮೊಟ್ಟೆಯದೇನೂ ತಪ್ಪಿಲ್ಲ! ಇದು ನನ್ನ ಗುಂಡನ ಪುಕ್ಕ! ನೋಡಿ ಸರಿಯಾಗಿ, ನಡುವೆ ಕಂದು, ಅಂಚಿಗೆ ಬಿಳಿ, ಬುಡದಲ್ಲಿ ಇಷ್ಟೇ ಇಷ್ಟು ಹಳದಿ. ಇವತ್ತು ಬೆಳಿಗ್ಗೆ ನನ್ನ ತೋಳ ಮೇಲೆ ಕೂತಿದ್ದಾಗ ಉದುರಿ ಅಂಗಿ ಮಡಿಕೇಲಿ ಸಿಕ್ಕೊಂಡಿರೋದು! ಬರಲ್ಲ ಅಂದ್ರಲ್ಲ, ಬಂತು! ಉದುರಿಸೋವಷ್ಟು ಬಂತು!"

ಬೀದಿಯ ಕೊನೆಯಲ್ಲಿದ್ದವರಿಗೂ ಕೇಳಿಸಿತಂತೆ.

ಅಂಗಡಿಯಲ್ಲಿ ಆಮೇಲೆ ಕೇಳಿಸಿದ ಸದ್ದು ಒಂದೇ, ಕಚ್ಚಿದ ಬನ್ನುಗಳನ್ನು ಒಬ್ಬೊಬ್ಬರಾಗಿ ಮೇಜಿನ ಮೇಲೆ ಇಡುವ ಸದ್ದು. ಮೇಷ್ಟ್ರು ಕೂಡ ತಮ್ಮ ಎರಡು ಹೋಳುಗಳನ್ನು ಜೋಡಿಸಿ ತಟ್ಟೆಯಲ್ಲಿಟ್ಟು ಚಹಾದಲ್ಲೇ ಸಮಾಧಾನ ಮಾಡಿಕೊಂಡರು.

"ಬೆಳಿಗ್ಗೆ ತೋಳ ಮೇಲೆ ಕೂತಿತ್ತಾ?" ಎಂದಳು ಹೆಂಡತಿ. "ಹಿಟ್ಟು ಕಲಸೋಕೆ ಮುಂಚೆ?"

ಯಜಮಾನರು ಅತ್ತ ನೋಡಿದರು, ಇತ್ತ ನೋಡಿದರು. ಭಾವಮೈದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದ. ತಾಯಿ ವಾಪಸು ಕೊಡಬೇಕಾದ ಚಿಲ್ಲರೆಯನ್ನು ಆಗಲೇ ಜೋಡಿಸತೊಡಗಿದ್ದರು. ಯಜಮಾನರು ಪುಕ್ಕವನ್ನು ಅಂಗಿಯ ಜೇಬಿಗೆ, ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿಕೊಂಡು, ಬನ್ನಿನ ರಾಶಿಯ ಹಿಂದೆ ಎದೆಯುಬ್ಬಿಸಿ ನಿಂತರು.

"ಬನ್ನು ಇಷ್ಟೊಂದು ಉಳೀತಲ್ಲ" ಎಂದರು. "ರಸ್ಕು ಮಾಡಿಬಿಡೋಣ್ವಾ?"